ಸಾಫ್ಟ್‌ವೇರ್ ಬದ್ಲು ಲೈಟ್ ತಗೊಳ್ಳಿ ಸರ್

ಫ್ರೀ ಸಾಫ್ಟ್‌ವೇರಲ್ಲಿ ಗ್ರೀನ್ ಸ್ಕ್ರೀನ್ ವಿಡಿಯೋದ (ಹಸಿರು ಬಟ್ಟೆ ಮುಂದೆ ಶೂಟ್ ಮಾಡಿ, ಆಮೇಲೆ ಹಸಿರು ತೆಗೆದು ಬೇರೆ ಹಿನ್ನೆಲೆ ಹಾಕೋದು) ಕೂದಲಂಚು ಕ್ಲೀನಾಗಿ ಬರಲ್ಲ, ದುಡ್ಡು ಕೊಟ್ಟೇ ತಗೋಬೇಕು ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ, ಅದನ್ನ ಒಪ್ಪಲ್ಲ ಸರ್. ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ನಲ್ಲೇ, ಎಫೆಕ್ಟ್ಸ್ ಮಾಡೋ ಫ್ಯೂಷನ್ ಪೇಜಲ್ಲಿ, ಹಸಿರು ತೆಗೆಯೋ ಡೆಲ್ಟಾ ಕೀಯರ್ ಅನ್ನೋ ಟೂಲ್ ಇದೆ. ನಾನು ಮೊದ್ಲು ಹಸಿರು ಬಟ್ಟೆಯಿಂದ ಒಂದಡಿ ದೂರದಲ್ಲೇ ಅಕ್ಕನ್ನ ನಿಲ್ಸಿ ಶೂಟ್ ಮಾಡಿದ್ದೆ, ಕಿವಿ ಹತ್ರ ಕೂದಲೆಲ್ಲ ಪಾಚಿ ಕಟ್ಟಿದಂಗೆ ಹಸಿರು, ಏನ್ ಮಾಡಿದ್ರೂ ಹೋಗ್ಲಿಲ್ಲ, ಆಮೇಲೆ ಆರಡಿ ಮುಂದಕ್ಕೆ ಕರ್ಕೊಂಡು, ಬಟ್ಟೆ ಇಸ್ತ್ರಿ ಮಾಡಿ, ಬಟ್ಟೆಗೇ ಅಂತ ಬೇರೆ ಎರಡು ಲೈಟ್ ಕೊಟ್ಟೆ ನೋಡಿ, ಅದೇ ಫ್ರೀ ಕೀಯರಲ್ಲಿ ಐದು ನಿಮಿಷದ ಕೆಲ್ಸ ಆಯ್ತು (ಹಸಿರು ಬಾರ್ಡರ್ ಸೀರೆ ಉಟ್ಟು ಬಂದು ಸೆರಗೇ ಮಾಯ ಆಗಿದ್ದು ಬೇರೆ ಕಥೆ). ಇನ್ನೊಂದು, ಫೋನ್ ವಿಡಿಯೋ ಸಾಮಾನ್ಯವಾಗಿ 4:2:0 ಅನ್ನೋ ಬಣ್ಣದ ಲೆಕ್ಕದಲ್ಲಿ ಸೇವ್ ಆಗುತ್ತೆ, ಅಂದ್ರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಬಣ್ಣದ ಮಾಹಿತಿ ಒಂದೇ. ಹಸಿರು ತೆಗೆದಾಗ ಅಂಚು ಮೆಟ್ಟಿಲು ಮೆಟ್ಟಿಲಾಗೋದು ಅದಕ್ಕೆ, ಅದರ ಬಗ್ಗೆ ಒಂದು ಸಾಲೂ ಬರ್ದಿಲ್ವಲ್ಲ?