ನಮ್ಮ ರೊಕ್ಕ ನಮ್ಮ ಗಲ್ಲಿಗೇ ಬೇಕಾ?

ಸೊಲ್ಲಾಪುರದ ಹದ್ದವಾಢ ಭಾಗದಲ್ಲಿ (ಅಂದರೆ ನಗರದ ಗಡಿ ಹಿಗ್ಗಿಸಿದಾಗ ಒಳಗೆ ಸೇರಿದ ಕಡೆ) ಮನೆ ಕಟ್ಟಿದವರ ಬಾಯಲ್ಲೆಲ್ಲಾ ಒಂದೇ ಮಾತು: ವಿಕಾಸ ಶುಲ್ಕ ತುಂಬಿದ್ದೇವೆ, ರಸ್ತೆ ಎಲ್ಲಿ? ಮನೆ ಕಟ್ಟಲು ಪರವಾನಗಿ ಕೊಡುವಾಗ ಪಾಲಿಕೆ ವಸೂಲಿ ಮಾಡುವ ಶುಲ್ಕ ಅದು. ಮೊನ್ನೆ ಪಕ್ಕದ ಮನೆ ಕಾಕಾ ಚಲನ್ ಹಿಡಿದುಕೊಂಡೇ ಬಂದಿದ್ದರು. "ನಮ್ ರೊಕ್ಕ ನಮ್ ಗಲ್ಲಿಗೇ ಹಾಕ್ಬೇಕು ಅಂತ ಅರ್ಜಿ ಕೊಡೂಣು, ನೀನೂ ಸಹಿ ಮಾಡಪಾ" ಅಂದರು. ನಾನು ಮಾಡಲಿಲ್ಲ. ಅವರಿಗೆ ಸಿಟ್ಟು ಬಂತು. ಯಾಕೆ ಮಾಡಲಿಲ್ಲ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಚಲನ್. ಕಾಕಾ ಹೇಳುತ್ತಿದ್ದದ್ದು ಕೆಳಗಿನ ಒಟ್ಟು ಮೊತ್ತ. ಅದರಲ್ಲಿ ನಕ್ಷೆ ತಪಾಸಣೆಯ ಶುಲ್ಕ ಇದೆ, ಲೇಬರ್ ಸೆಸ್ ಅಂತ ಮನೆ ಕಟ್ಟುವ ಖರ್ಚಿನ 1 ಪರ್ಸೆಂಟ್ ಇದೆ (ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಹೋಗಲೇಬೇಕು). ವಿಕಾಸ ಶುಲ್ಕ ಅಂದರೆ ಅದರಲ್ಲಿ ಒಂದು ಸಾಲು ಅಷ್ಟೇ.

ಆ ಸಾಲಿನ ಲೆಕ್ಕ ಹೀಗೆ. 1966ರ ಮಹಾರಾಷ್ಟ್ರದ ನಗರ ಯೋಜನೆ ಕಾಯ್ದೆಗೆ 1992ರಲ್ಲಿ ಈ ಶುಲ್ಕ ಸೇರಿಸಿದರು. ಶೆಳಗಿ, ಬಾಳೆ ಎಲ್ಲಾ ಸೊಲ್ಲಾಪುರದೊಳಗೆ ಬಂದದ್ದೂ ಅದೇ ವರ್ಷ ನೋಡಿ. ರೆಡಿ ರೆಕನರ್‌ನಲ್ಲಿ (ಸರಕಾರ ಗೊತ್ತು ಮಾಡಿದ ದರಪಟ್ಟಿ) ನಿಮ್ಮ ಜಾಗದ ದರ ತೆಗೆಯುತ್ತಾರೆ. ವಾಸದ ಮನೆಯಾದರೆ ಜಾಗಕ್ಕೆ ಆ ದರದ ಅರ್ಧ ಪರ್ಸೆಂಟ್, ಕಟ್ಟುವ ಕ್ಷೇತ್ರಕ್ಕೆ 2 ಪರ್ಸೆಂಟ್. ಅಂಗಡಿಗಾದರೆ ಡಬಲ್. 2 ಪರ್ಸೆಂಟ್ ಅಂದರೆ ಮನೆ ಕಟ್ಟುವ ಖರ್ಚಿನದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದೂ ಜಾಗದ ದರದ ಮೇಲೇ.

ಈಗ ನಮ್ಮ ಕಡೆ ಚದರ ಮೀಟರಿಗೆ 6,000 ರೂಪಾಯಿ ದರ ಅಂತ ಹಿಡಿಯೋಣ. ಒಂದು ಗುಂಟೆ ಅಂದರೆ ಸುಮಾರು 100 ಚದರ ಮೀಟರ್. ಅಷ್ಟು ಜಾಗಕ್ಕೆ 3,000. ಅಷ್ಟೇ ಅಳತೆಯ ಮನೆ ಕಟ್ಟಿದರೆ 12,000. ಒಟ್ಟು 15,000. ಇನ್ನು ರಸ್ತೆಗೆ ಬನ್ನಿ. ಮನೆ ಮುಂದೆ 9 ಮೀಟರ್ ಉದ್ದ, ರಸ್ತೆ ಅಗಲವೂ 9 ಮೀಟರ್, ಅರ್ಧ ಎದುರು ಮನೆಯವರ ಪಾಲು. ನಮ್ಮ ಪಾಲಿಗೆ ಹೆಚ್ಚುಕಡಿಮೆ 40 ಚದರ ಮೀಟರ್. ಕಾಂಕ್ರೀಟಿಗೆ ಚದರ ಮೀಟರಿಗೆ 1,500 ಅಂತ ಇಟ್ಟುಕೊಂಡರೂ 60,000 ಆಯಿತು. ಗಟಾರ, ಬೀದಿ ದೀಪ ಇನ್ನೂ ಲೆಕ್ಕಕ್ಕೆ ತಗೊಂಡೇ ಇಲ್ಲ. ನಮ್ಮ ರೊಕ್ಕ ನಮ್ಮ ಗಲ್ಲಿಗೇ ಅಂತ ಹಟ ಹಿಡಿದರೆ ನಾಲ್ಕರಲ್ಲಿ ಒಂದು ಪಾಲು ರಸ್ತೆ, ಉಳಿದದ್ದಕ್ಕೆ ಬರೀ ಮುರುಮ್ ಮಣ್ಣು! ಊರೊಳಗಿನ ಸಾತ್ ರಸ್ತಾ ಕಡೆಯೋ ನವಿ ಪೇಠದಲ್ಲೋ ಇದೇ ಮನೆಗೆ 30,000 ದರ ಹಾಕಿ ನೋಡಿ. 75,000 ಬರುತ್ತದೆ. ಅವರಿಗೆ ರಸ್ತೆ ಮೊದಲೇ ಇದೆ. ಅಂದರೆ ದುಡ್ಡು ಹುಟ್ಟುವುದು ರಸ್ತೆ ಇರುವ ಕಡೆ, ರಸ್ತೆ ಬೇಕಿರುವುದು ದುಡ್ಡು ಹುಟ್ಟದ ಕಡೆ. ಕಾಕಾನ ಅರ್ಜಿ ಪಾಸಾದರೆ ಖುಷಿಪಡುವವರು ಪೇಠದವರು, ನಾವಲ್ಲ.

ಹಾಗಾದರೆ ರಸ್ತೆ ಖರ್ಚಿನ ಮೇಲೇ ಶುಲ್ಕ ಹಾಕಲಿ ಅಂತ ಎಂಜಿನಿಯರ್ ಗೆಳೆಯನೊಬ್ಬ ವಾದ ಮಾಡುತ್ತಾನೆ. ಕಾಗದದ ಮೇಲೆ ಸರಿಯೇ. ಆದರೆ ಬೀಡಿ ಕಟ್ಟಿ, ಮಗ್ಗದ ಕೂಲಿಯಲ್ಲಿ ಉಳಿಸಿ ಒಂದು ಗುಂಟೆ ಕೊಂಡವರ ಹತ್ತಿರ 60,000 ಕೇಳಿದರೆ ಅವರು ಪರವಾನಗಿಯ ಗೋಜಿಗೇ ಹೋಗುವುದಿಲ್ಲ, ಸುಮ್ನೆ ಗೋಡೆ ಎಬ್ಬಿಸುತ್ತಾರೆ. ಆಮೇಲೆ ಸಕ್ರಮ ಮಾಡಿ ಅಂತ ಕೂಗು. ಪರವಾನಗಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿದ ಜಾಗಗಳನ್ನು ಸಕ್ರಮ ಮಾಡುವ ಗುಂಠೇವಾರಿ ಕಾಯ್ದೆ 2001ರಲ್ಲಿ ಬಂತು, ಅದನ್ನು 2021ರಲ್ಲಿ ತಿದ್ದಿ 2020ರ ಕೊನೆಯವರೆಗೆ ಆದದ್ದಕ್ಕೂ ಎಳೆದರು. ಸಕ್ರಮದ ಶುಲ್ಕದ ಲೆಕ್ಕವೇ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ.

ನನ್ನ ಪ್ರಕಾರ ಜಾಗದ ಬೆಲೆ ನೋಡಿ ವಸೂಲಿ ಮಾಡುವುದು ಸರಿ. ಜಗಳ ಆಡಬೇಕಾದ್ದು ಖರ್ಚಿನ ಬಗ್ಗೆ. ಈ ಹಣ ಬೇರೆ ನಿಧಿಯಲ್ಲಿ ಇರಬೇಕು, ಸಾರ್ವಜನಿಕ ಸೌಲಭ್ಯಕ್ಕೇ ಹೋಗಬೇಕು ಅಂತ ಕಾಯ್ದೆಯಲ್ಲೇ ಇದೆ. ಅದಕ್ಕೆ ಕೇಳಬೇಕಾದ್ದು ಇಷ್ಟು: ವರ್ಷಕ್ಕೆ ಯಾವ ಭಾಗದಿಂದ ಎಷ್ಟು ಬಂತು, ಯಾವ ರಸ್ತೆಗೆ ಎಷ್ಟು ಹೋಯಿತು, ಇನ್ನೂ ಒಂದು ಸಲವೂ ಡಾಂಬರು ಕಾಣದ ರಸ್ತೆ ಎಷ್ಟು ಮೀಟರ್ ಇದೆ. ಈ ಕೊನೆಯ ಪಟ್ಟಿ ಮುಖ್ಯ. ಅದು ಕೈಯಲ್ಲಿದ್ದರೆ ಓಟು ಕೇಳಲು ಬಂದ ನಗರಸೇವಕರಿಗೂ ಜಾರಿಕೊಳ್ಳೋದು ಕಷ್ಟ, ಅಲ್ವಾ?

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು. ಮರಾಠಿಯಲ್ಲಿ ಬರೆಯೋಕೆ ಕಷ್ಟ ಅನ್ನುವವರು ಮನೆಗೆ ಬನ್ನಿ, ಬರೆದು ಕೊಡುತ್ತೇನೆ. ಕಾಕಾ, ನೀವೂ ಬನ್ನಿ, ಈ ಅರ್ಜಿಗೆ ಮೊದಲ ಸಹಿ ನಂದೇ.