140 ಲೀಟರಿನ ಕನ್ನಂಬಾಡಿ

ಮಂಡ್ಯದವನಿಗೆ ಬೆಳಿಗ್ಗೆ ಕಾಫಿಗಿಂತ ಮೊದಲು ಬೇಕಾದದ್ದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು ಪತ್ರಿಕೆಯ ಮೂಲೆಯಲ್ಲಿ ನೋಡಿದ ಮೇಲೆಯೇ ನಮ್ಮಲ್ಲಿ ಲೋಟ ಕೈಗೆ ಬರುತ್ತದೆ. ಇಂಥ ಊರಿನಲ್ಲಿ ಹುಟ್ಟಿಯೂ ನನ್ನದೇ ಪಿಕಪ್‌ನ ಹೊಟ್ಟೆಯಲ್ಲಿ ಎಷ್ಟು ಡೀಸೆಲ್ ಇದೆ ಎಂದು ತಿಳಿಯದೆ ಐದು ತಿಂಗಳು ತಿರುಗಿದ್ದೇನೆ.

ಮೂಲ ಕಾರಣ ನನ್ನ ಭಾಮೈದ. ಅವನು ಇರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಒಂದು ಭಾನುವಾರ ವಿಡಿಯೊ ಕರೆ ಮಾಡಿ, ಕುಶಲ ವಿಚಾರಿಸುವ ಬದಲು ತನ್ನ ಪಿಕಪ್‌ನ ಅಡಿಗೆ ನುಸುಳಿ, ಅಲ್ಲಿ ನೇತಾಡುತ್ತಿದ್ದ ಎಮ್ಮೆಯಂಥ ಕಪ್ಪು ಟ್ಯಾಂಕನ್ನು ತೋರಿಸಿದ. ಅಲ್ಲಿ ಸಿಂಪ್ಸನ್ ಮರುಭೂಮಿ ದಾಟುವವರಿಗೆ 500 ಕಿಲೋಮೀಟರಿಗೂ ಮೀರಿ ಒಂದು ಬಂಕ್ ಸಿಗುವುದಿಲ್ಲ. ಹಾಗಾಗಿ ಕಂಪನಿಯ ಟ್ಯಾಂಕನ್ನು ಕಳಚಿಟ್ಟು, ಅದರ ಎರಡರಷ್ಟು ಹಿಡಿಯುವುದನ್ನು ಹಾಕಿಸಿಕೊಳ್ಳುತ್ತಾರೆ. ನಮ್ಮ ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಹಳೆಯ ರಸ್ತೆಯಲ್ಲಿ ಹೋದರೆ ಎಳನೀರಿನ ಅಂಗಡಿಗಳಷ್ಟೇ ಧಾರಾಳವಾಗಿ ಬಂಕ್‌ಗಳಿವೆ. ಈ ವ್ಯತ್ಯಾಸ ಆಗ ನನಗೆ ಹೊಳೆಯಲೇ ಇಲ್ಲ.

ಹೊಳೆಯದಿರುವುದಕ್ಕೆ ಬೇರೆ ಕಾರಣವಿತ್ತು. ನಾನು ಕೋಯಿಕ್ಕೋಡಿಗೆ ಬೆಲ್ಲ ಸಾಗಿಸುವವನು. ಬಂಡೀಪುರದ ಕಾಡುದಾರಿ ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಒಮ್ಮೆ ಗುಂಡ್ಲುಪೇಟೆ ದಾಟಿದ ಮೇಲೆ ಡೀಸೆಲ್ ಮುಗಿದು, ಕ್ಯಾನು ಹಿಡಿದು ಓಡಾಡಿ, ಮದ್ದೂರು ಚೆಕ್‌ಪೋಸ್ಟ್ ತಲುಪುವ ಹೊತ್ತಿಗೆ ಒಂಬತ್ತೂ ಕಾಲು. ಇದು ನಮ್ಮ ಮದ್ದೂರಲ್ಲ, ವಡೆ ಸಿಗುವುದಿಲ್ಲ. ರಾತ್ರಿಯಿಡೀ ಬೆಲ್ಲದ ಮೂಟೆಗಳ ಮೇಲೆ ಮಲಗಿದೆ. ಆ ರಾತ್ರಿ ಕಾಡಾನೆಗಿಂತ ಇರುವೆ ದೊಡ್ಡ ಪ್ರಾಣಿ ಎಂದು ತಿಳಿಯಿತು. ಅಂದೇ ನಿಶ್ಚಯಿಸಿದೆ: ದೊಡ್ಡ ಟ್ಯಾಂಕು ಹಾಕಿಸಬೇಕು.

ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಶೆಡ್ಡಿನ ಮೇಸ್ತ್ರಿ ಭಾಮೈದ ಕಳುಹಿಸಿದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, "ಇದೇನು ಮಹಾ" ಎಂದರು. ಈ ಮಾತು ಕೇಳಿದ ಕೂಡಲೇ ಗಾಡಿಯ ಬೀಗದಕೈ ವಾಪಸು ಪಡೆಯಬೇಕಿತ್ತು. ಎರಡು ದಿನದ ಕೆಲಸ ಹನ್ನೊಂದು ದಿನವಾಯಿತು. ಅಡಿಯಲ್ಲಿದ್ದ ಸ್ಟೆಪ್ನಿಯನ್ನು ಎಬ್ಬಿಸಿ ಮೇಲೆ ಬೆಲ್ಲದ ಜಾಗದಲ್ಲಿ ಕೂರಿಸಿದರು, ಅದರ ಜಾಗದಲ್ಲಿ ಟ್ಯಾಂಕು ಹಿಂದಕ್ಕೆ ಕಾಲು ಚಾಚಿತು. ಇಂಥ ಟ್ಯಾಂಕಿನೊಳಗೆ ಅಡ್ಡ ತಗಡುಗಳಿರಬೇಕು, ಇಲ್ಲವಾದರೆ ಬ್ರೇಕು ಹಾಕಿದಾಗ ಇಡೀ ಡೀಸೆಲ್ ಒಂದೇ ಕಡೆಗೆ ನುಗ್ಗುತ್ತದೆ. ಮೇಸ್ತ್ರಿ ಹಾಕಿದ್ದು ಒಂದೇ ತಗಡು. ಸಿಗ್ನಲ್‌ನಲ್ಲಿ ಮೊದಲು ಗಾಡಿ ನಿಲ್ಲುತ್ತಿತ್ತು, ಅರೆಕ್ಷಣದ ಬಳಿಕ 'ಗುಳುಂ' ಎಂದು ಡೀಸೆಲ್ ನಿಲ್ಲುತ್ತಿತ್ತು, ಆಮೇಲೆ ನಾವಿಬ್ಬರೂ ಒಮ್ಮೆ ತಲೆಯಾಡಿಸುತ್ತಿದ್ದೆವು. ಪಕ್ಕದ ಆಟೋದವರು ನನ್ನ ಕಡೆಗೆ ನಮಸ್ಕಾರ ಹಿಂತಿರುಗಿಸಿದ್ದೂ ಉಂಟು.

ಮೊದಲ ಸಲ ತುಂಬಿಸಿದ ದಿನ ಹಣೆಗೆ ಕುಂಕುಮ ಇಟ್ಟುಕೊಂಡೇ ಬಂಕಿಗೆ ಹೋದೆ. "ಫುಲ್" ಎಂಬ ಪದವನ್ನು ಬದುಕಿನಲ್ಲಿ ಮೊದಲ ಬಾರಿಗೆ ಉಚ್ಚರಿಸಿದೆ. ಹುಡುಗ ಕೊಳವೆಯ ಮೂತಿ ಇಟ್ಟು ಹಿಡಿ ಒತ್ತಿದ. ಟಕ್. ಎರಡು ಲೀಟರಿಗೆ ನಿಂತಿತು. ಮತ್ತೆ ಒತ್ತಿದ, ಟಕ್. ಆ ಮೂತಿಯ ತುದಿಯಲ್ಲಿ ಸಣ್ಣದೊಂದು ರಂಧ್ರವಿರುತ್ತದೆ. ಡೀಸೆಲ್ಲೋ ನೊರೆಯೋ ಅದನ್ನು ಮುಚ್ಚಿದರೆ ಹರಿವು ತಾನಾಗಿ ಕಡಿದುಹೋಗುತ್ತದೆ. ಒಳಗೆ ಡೀಸೆಲ್ ಹೋಗಬೇಕಾದರೆ ಒಳಗಿನ ಗಾಳಿ ಹೊರಗೆ ಬರಬೇಕು, ಗಾಳಿಯ ಪೈಪನ್ನು ಮೇಸ್ತ್ರಿ ಚಾಸಿಯ ಮೂಲೆಯಲ್ಲಿ ಮಡಚಿ ಸಿಕ್ಕಿಸಿದ್ದರು. ಹೀಗಾಗಿ ಡೀಸೆಲ್ ಬಾಯಿಯವರೆಗೆ ಬಂದು, ನೊರೆ ಕಾರಿ, ನಿಲ್ಲುತ್ತಿತ್ತು. ಎಪ್ಪತ್ತು ಚಿಲ್ಲರೆ ಟಕ್‌ಗಳ ನಂತರ ಹುಡುಗ ಹೆಬ್ಬೆರಳು ಬದಲಿಸಿದ. ಹಿಂದೆ ನಿಂತ ಕಬ್ಬಿನ ಲಾರಿಯ ಚಾಲಕ ಕೆಳಗಿಳಿದು ಬಂದು, "ಸ್ವಾಮಿ, ಇದು ಗಾಡಿಯೋ ಬಾವಿಯೋ?" ಎಂದು ವಿಚಾರಿಸಿದ. ಬಿಲ್ಲು 12 ಸಾವಿರ ದಾಟಿತು. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. 140 ಲೀಟರ್ ಎಂದರೆ 116 ಕಿಲೋ. ಅಷ್ಟು ಬೆಲ್ಲವನ್ನು ಇಳಿಸಿಯೇ ಹೊರಡಬೇಕಾಯಿತು.

ಇನ್ನು ಡೀಸೆಲ್ ಮಟ್ಟ ತೋರಿಸುವ ಮುಳ್ಳಿನ ಕಥೆ. ಟ್ಯಾಂಕು ಹೊಸದು, ಆಳ ಹೆಚ್ಚು. ಒಳಗೆ ತೇಲುವ ಬುರುಡೆ ಹಳೆಯದು, ಅದರ ಕೈ ಗಿಡ್ಡ. ಮೇಲಿನ ಅರ್ಧ ಖಾಲಿಯಾಗುತ್ತಿದ್ದಂತೆ ಬುರುಡೆಯ ಕೈ ಪೂರ್ತಿ ಇಳಿದು ನಿಂತುಬಿಡುತ್ತಿತ್ತು, ಮುಳ್ಳು 'ಖಾಲಿ' ಎಂದು ಮಲಗಿಬಿಡುತ್ತಿತ್ತು. ಅಲ್ಲಿಂದ ಕೆಳಗೆ ಎಪ್ಪತ್ತು ಲೀಟರ್ ಇದ್ದರೂ ಅಷ್ಟೇ, ಏಳು ಲೀಟರ್ ಇದ್ದರೂ ಅಷ್ಟೇ. ಕನ್ನಂಬಾಡಿಯ ಮಟ್ಟವನ್ನು ಅಂಗುಲದ ಲೆಕ್ಕದಲ್ಲಿ ಹೇಳುವ ನನಗೆ ನನ್ನ ಕಟ್ಟೆಯ ಮಟ್ಟ ದೇವರಿಗೇ ಬಿಟ್ಟ ವಿಷಯವಾಯಿತು.

ಆದರೆ ಊರಿನವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಮೇಸ್ತ್ರಿ ಟ್ಯಾಂಕಿನ ಬುಡಕ್ಕೆ, ಕಸರು ತೆಗೆಯಲೆಂದು, ಒಂದು ನಲ್ಲಿ ಕೂರಿಸಿದ್ದರು. ಈ ಸಂಗತಿ ಬೀದಿಗೆ ಗೊತ್ತಾಗಲು ಒಂದು ವಾರವೂ ಬೇಕಾಗಲಿಲ್ಲ. ಮೊದಲು ಬಂದವನು ದೊಡ್ಡಪ್ಪನ ಮಗ. ಟ್ರ್ಯಾಕ್ಟರ್ ಗದ್ದೆಯ ನಡುವೆ ನಿಂತಿದೆ, ಐದೇ ಲೀಟರ್ ಎಂದ. ಆಮೇಲೆ ಪಂಪ್‌ಸೆಟ್ಟಿನ ಚಿಕ್ಕಪ್ಪ, ಜನರೇಟರಿನ ಶಾಮಿಯಾನದವನು, ಬತ್ತ ಒಕ್ಕುವ ಯಂತ್ರದವನು. ಕಾವೇರಿ ನೀರಿನ ವಿಷಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು ಗೆರೆ ಎಳೆದುಕೊಟ್ಟಿತು. ನನ್ನ ನಲ್ಲಿಗೆ ಅಂಥ ಯಾವ ಗೆರೆಯೂ ಇರಲಿಲ್ಲ. ನಾನು ಮಲಗಿದ್ದಾಗಲೂ ಹೊರಹರಿವು ನಡೆಯುತ್ತಿತ್ತು. ನೀರಿಗಾಗಿ ಹೆದ್ದಾರಿ ತಡೆದು ಕುಳಿತ ವಂಶದಲ್ಲಿ ಹುಟ್ಟಿ, ಐದು ಲೀಟರ್ ಡೀಸೆಲ್ಲಿಗೆ ಅಣ್ಣತಮ್ಮಂದಿರ ಮುಂದೆ ಬಾಯಿ ಬಾರದೆ ನಿಂತಿದ್ದೆ.

ಒಳಹರಿವು? ಅದನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲ ಫುಲ್ಲು ಮುಗಿದ ಮೇಲೆ ನಾನು ನನ್ನ ಹಳೆಯ ಜಾಯಮಾನಕ್ಕೇ ಮರಳಿದ್ದೆ. "ಐನೂರಕ್ಕೆ ಹಾಕಪ್ಪ."

ಒಂದು ಶನಿವಾರ ಹೆಂಡತಿಯೊಂದಿಗೆ ಮೇಲುಕೋಟೆಗೆ ಹೊರಟೆ. ದೇವರ ದರ್ಶನ ಅವಳ ಉದ್ದೇಶ, ಪುಳಿಯೋಗರೆ ನನ್ನದು. ಬೆಟ್ಟದ ಏರು ಶುರುವಾದ ಸ್ವಲ್ಪ ದೂರಕ್ಕೆ ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಪ್ರಾಣ ಬಿಟ್ಟಿತು. ಕೆಳಗೆ ಬಗ್ಗಿ ಟ್ಯಾಂಕನ್ನು ಬಡಿದು ನೋಡಿದೆ. ಹಿಂದಿನ ಮೂಲೆಯಲ್ಲಿ ಡೀಸೆಲ್ ಇದೆ. ಮುಂದಿನ ಮೂಲೆಯಲ್ಲಿ ಟಣ್ ಟಣ್. ಎಂಜಿನ್ನಿಗೆ ಡೀಸೆಲ್ ಎಳೆಯುವ ಕೊಳವೆ ಇರುವುದು ಮುಂದಿನ ಮೂಲೆಯಲ್ಲಿ. ಅಷ್ಟಗಲದ ಟ್ಯಾಂಕಿನ ತಳದಲ್ಲಿ ಏಳೆಂಟು ಲೀಟರ್ ಎಂದರೆ ತಟ್ಟೆಗೆ ಬಡಿಸಿದ ತಿಳಿಸಾರು. ತಟ್ಟೆ ಓರೆಯಾದ ಕಡೆಗೆ ಅದು ಓಡುತ್ತದೆ.

ಬಾನೆಟ್ ಎತ್ತಿ, ಕೈಪಂಪಿನ ರಬ್ಬರ್ ಗುಂಡಿಯನ್ನು ಹಿಸುಕುತ್ತಾ ಕೊಳವೆಗಳ ಗಾಳಿ ತೆಗೆಯತೊಡಗಿದೆ. ಹೆಂಡತಿ ಕೈಚೀಲದಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದಳು.

"ಕೋಯಿಕ್ಕೋಡಿಗೆ ಎಷ್ಟು ದೂರ?"

"ಸುಮಾರು 260."

"ಹೋಗಿ ಬಂದರೆ 520. ಲೀಟರಿಗೆ ಎಷ್ಟು ಕೊಡುತ್ತದೆ?"

"ಹನ್ನೆರಡು."

ಅವಳು ಭಾಗಾಕಾರ ಮಾಡಿದಳು. ಪೆನ್ಸಿಲ್ ನಿಂತಿತು. "44 ಲೀಟರ್ ಕೂಡ ಬೇಡವಲ್ಲ. ಹಳೆಯ ಟ್ಯಾಂಕು ಎಷ್ಟು ಹಿಡಿಯುತ್ತಿತ್ತು?"

ಅರುವತ್ತು ಎಂದು ಹೇಳುವ ಬದಲು ನಾನು ಇನ್ನೂ ಜೋರಾಗಿ ಗುಂಡಿ ಹಿಸುಕಿದೆ.

ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿದ ನಿವೃತ್ತ ಮೇಷ್ಟರೊಬ್ಬರು ವಿಷಯ ಕೇಳಿ ಖುಷಿಪಟ್ಟರು. ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲು ಪಂಪಿಲ್ಲದೆ ತನ್ನ ಭಾರಕ್ಕೇ ಹರಿದು ಎಂಜಿನ್ ಸೇರಬೇಕಿತ್ತು, ಕಡಿದಾದ ಏರು ಬಂದರೆ ಜನ ಅದನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು, ನೀವೂ ಹಾಗೆ ಮಾಡಿ ಎಂದರು. ಬೇರೆ ದಾರಿಯಿರಲಿಲ್ಲ. ಗಾಡಿ ತಿರುಗಿಸಿ, ಮೂತಿ ಕೆಳಗೆ ಮಾಡಿ, ಮುಂದಿನ ಸಮತಟ್ಟು ಜಾಗದವರೆಗೆ ರಿವರ್ಸ್ ಗೇರಿನಲ್ಲಿ ಹತ್ತಿದೆ. ಮೇಷ್ಟರು ಸ್ಕೂಟರಿನಲ್ಲಿ ಮುಂದೆ, ಅಂದರೆ ನನ್ನ ಹಿಂದೆ, ಕೈ ಬೀಸುತ್ತಾ ದಾರಿ ತೆರವು ಮಾಡಿಸಿದರು. ಚೆಲುವನಾರಾಯಣನಿಗೆ ಬೆನ್ನು ಹಾಕಿಕೊಂಡು ಅವನ ದರ್ಶನಕ್ಕೆ ಹೋದ ಭಕ್ತ ನಾನೊಬ್ಬನೇ ಇರಬೇಕು.

ಉಳಿದದ್ದನ್ನು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪತ್ರ, ಮಾಡಿಸುವ ಪರಿಚಿತರು ಮುಗಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಮಾಡಿದ ಗಾಡಿಯನ್ನು ನಮ್ಮಿಷ್ಟದಂತೆ ಬದಲಿಸಲು ಬಿಡುವುದಿಲ್ಲ, ತಪ್ಪಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಎಂದರು. ಸ್ಟೆಪ್ನಿ ಎಬ್ಬಿಸಿದ್ದು ಒಂದು ಬದಲಾವಣೆಯೋ, ನಲ್ಲಿ ಇನ್ನೊಂದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದೇ ವಾರ ಅಟ್ಟದಿಂದ ಹಳೆಯ ಟ್ಯಾಂಕು ಇಳಿಯಿತು. ಕಳಚುವುದಕ್ಕೆ ಮೇಸ್ತ್ರಿ ತೆಗೆದುಕೊಂಡದ್ದು ಅರ್ಧ ದಿನ. ಹೆಂಡತಿ ಒಟ್ಟು ಖರ್ಚನ್ನು ಹಾಲಿನ ಪುಸ್ತಕದ ಕೊನೆಯ ಪುಟದಲ್ಲಿ 'ದಾನ ಧರ್ಮ' ಎಂಬ ತಲೆಬರಹದ ಅಡಿ ಬರೆದಿಟ್ಟಿದ್ದಾಳೆ.

ದೊಡ್ಡ ಟ್ಯಾಂಕು ಈಗ ಹಿತ್ತಲಿನಲ್ಲಿ ತೆಂಗಿನ ಮರಕ್ಕೆ ಒರಗಿದೆ. ಮೊನ್ನೆ ಬೆಳಗಿನ ಜಾವ ಅಲ್ಲಿಂದ ಕಿರ್‍ರೆಂದು ಸದ್ದಾಯಿತು. ಹೋಗಿ ನೋಡಿದರೆ ದೊಡ್ಡಪ್ಪನ ಮಗ. ಕ್ಯಾನನ್ನು ಕೆಳಗಿಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ನಲ್ಲಿಯನ್ನು ಅತ್ತ ಇತ್ತ ತಿರುಗಿಸುತ್ತಿದ್ದ. ನನ್ನನ್ನು ನೋಡಿ ಎದ್ದವನೇ, "ಏನಣ್ಣ, ಮೇಲಿನ ಕಡೆ ಮಳೆ ಇಲ್ಲವೇ?" ಎಂದ.