ರೂಟ್ ಅನ್ನೋ ಹೆಸರಿನ ಮನುಷ್ಯ ಯಾರೂ ಇಲ್ಲ

ರೂಟ್ ಅಂದರೆ ಲಿನಕ್ಸ್ ಸರ್ವರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲ ಅಕೌಂಟ್. ಸರ್ವರ್‌ನಲ್ಲಿ ಏನಾದರೂ ಎಡವಟ್ಟಾದರೆ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಯಾರು ಏನು ಮಾಡಿದರು ಅಂತ ತಿಳಿಯಲು ಲಾಗಿನ್ ಆಗಿ, ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿ ತೋರಿಸುವ ಹಿಸ್ಟರಿ ಅಂತ ಟೈಪ್ ಮಾಡುವುದು. ಮೇಲೆ ಕೆಳಗೆ ನೋಡಿ, "ಇಲ್ಲಿ ಏನೂ ಇಲ್ವಲ್ಲ" ಅಂತ ಕೈಚೆಲ್ಲುವುದು.

ಬ್ಯಾಷ್ ಅನ್ನೋದು ನಾವು ಕೊಟ್ಟ ಕಮಾಂಡ್ ಓಡಿಸುವ ಪ್ರೋಗ್ರಾಂ, ಅಂದರೆ ಶೆಲ್. ಅದರ ಹಿಸ್ಟರಿ ಇರುವುದು ಟೈಪಿಂಗ್ ಉಳಿಸುವುದಕ್ಕೆ, ಸಾಕ್ಷಿ ಹೇಳುವುದಕ್ಕಲ್ಲ. ಯಾರ ಮೇಲೆ ಅನುಮಾನವೋ ಅವರದೇ ಫೈಲು ಅದು. ಬೇಕಾದಾಗ ಅಳಿಸಬಹುದು, ತಿದ್ದಬಹುದು. ಸಾಮಾನ್ಯವಾಗಿ ಶೆಲ್ ಮುಚ್ಚುವಾಗಷ್ಟೇ ಅದು ಡಿಸ್ಕ್‌ಗೆ ಹೋಗುತ್ತದೆ. ಶೆಲ್ಲನ್ನೇ ಕಿಲ್ ಮೈನಸ್ 9 ಕೊಟ್ಟು ಬಲವಂತವಾಗಿ ನಿಲ್ಲಿಸಿದರೆ ಆ ಸೆಷನ್ನಿನದೆಲ್ಲ ಮಾಯ. ಉಬುಂಟು ಅನ್ನೋ ಲಿನಕ್ಸ್‌ನಲ್ಲಿ ಹೊಸ ಬಳಕೆದಾರರಿಗೆ ಸಿಗುವ ಸೆಟ್ಟಿಂಗ್‌ನಲ್ಲಂತೂ ಕಮಾಂಡ್ ಮುಂದೆ ಒಂದು ಸ್ಪೇಸ್ ಹೊಡೆದರೆ ಸಾಕು, ಅದು ಹಿಸ್ಟರಿಗೆ ಸೇರುವುದೇ ಇಲ್ಲ. ಸ್ಕ್ರಿಪ್ಟ್ ಒಳಗೆ ಏನು ನಡೆಯಿತು ಅನ್ನೋದಂತೂ ಅಲ್ಲಿ ಸಿಗುವ ಮಾತೇ ಇಲ್ಲ.

ಯಾರು ಏನು ಮಾಡಿದರು ಅಂತ ದಾಖಲಿಸಲೆಂದೇ ಲಿನಕ್ಸ್‌ನಲ್ಲಿ ಕರ್ನಲ್ ಮಟ್ಟದ, ಅಂದರೆ ಸಿಸ್ಟಮ್‌ನ ತಿರುಳಿನಲ್ಲೇ ಇರುವ ಆಡಿಟ್ ವ್ಯವಸ್ಥೆ ಇದೆ. ಕರ್ನಲ್ 2.6ರ ಕಾಲದಿಂದಲೂ ಇದೆ. ಯಾವ ಪ್ರೋಗ್ರಾಂ ಶುರುವಾಯಿತು, ಯಾವ ಫೈಲ್ ತೆರೆಯಿತು ಅನ್ನೋದನ್ನು ಕರ್ನಲ್ಲೇ ಹೇಳುತ್ತದೆ, ಹಿನ್ನೆಲೆಯಲ್ಲಿ ಓಡುವ ಆಡಿಟ್‌ಡಿ ಅನ್ನೋ ಪ್ರೋಗ್ರಾಂ ಬರೆದುಕೊಳ್ಳುತ್ತದೆ. ಏನನ್ನು ಗಮನಿಸಬೇಕು ಅಂತ ನಾವು ರೂಲ್ ಕೊಡಬೇಕು ಅಷ್ಟೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಯುಐಡಿ, ಅಂದರೆ ಮೊದಲು ಲಾಗಿನ್ ಆದವರು ಯಾರು ಅಂತ ಹೇಳುವ ಒಂದು ನಂಬರ್. ಸುಮಾ ತನ್ನ ಹೆಸರಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮಾಡಿ ಒಳಗೆ ಬಂದಳು ಅಂದುಕೊಳ್ಳಿ. ಆಮೇಲೆ ರೂಟ್ ಅಧಿಕಾರ ಕೊಡುವ ಸುಡೊ ಕಮಾಂಡ್ ಹಾಕಿ ರೂಟ್ ಆದಳು, ಅಲ್ಲಿಂದ ಡೇಟಾಬೇಸ್ ಬಳಕೆದಾರನ ಅಕೌಂಟ್‌ಗೆ ಹಾರಿದಳು. ಸಾಮಾನ್ಯ ಯೂಸರ್ ಐಡಿ ಪ್ರತಿ ಸಲವೂ ಬದಲಾಗುತ್ತದೆ. ಎಯುಐಡಿ ಮಾತ್ರ ಮೊದಲು ಬಾಗಿಲು ತಟ್ಟಿದ ಸುಮಾಳದೇ ಇರುತ್ತದೆ. ರೂಟ್ ಕೂಡ ಅದನ್ನು ಬದಲಿಸದ ಹಾಗೆ ಬೀಗ ಹಾಕಬಹುದು.

ಸುಡೊ ತಾನೇ ಬರೆದಿಡುವ ಲಾಗ್ (ದಾಖಲೆ) ಒಂದನ್ನೇ ನಂಬಿದವರಿಗೆ ಇದು ಇನ್ನೂ ಮುಖ್ಯ. ಸುಡೊ ಜೊತೆ ಫೈಲ್ ತಿದ್ದುವ ವಿಐ ಪ್ರೋಗ್ರಾಂ ತೆರೆದರೆ ಲಾಗ್‌ನಲ್ಲಿ ವಿಐ ಅಂತ ಒಂದು ಸಾಲು ಬೀಳುತ್ತದೆ. ಅದರೊಳಗಿಂದ ಶೆಲ್ ತೆರೆದು ಮಾಡಿದ ಕೆಲಸ ಆ ಸಾಲಿನಲ್ಲಿ ಇರುವುದಿಲ್ಲ. ಪ್ರೋಗ್ರಾಂ ಶುರುವಾಗುವುದನ್ನು ಬರೆದಿಡಲು ರೂಲ್ ಕೊಟ್ಟಿದ್ದರೆ ಕರ್ನಲ್ ಅದನ್ನೂ ಹಿಡಿಯುತ್ತದೆ.

ಈಗ ನನ್ನ ತಕರಾರು. ಇಷ್ಟೆಲ್ಲ ಇದ್ದರೂ ಎಷ್ಟೋ ಕಡೆ ಎಲ್ಲರೂ ನೇರವಾಗಿ ರೂಟ್ ಆಗಿಯೇ ಒಳಗೆ ಬರುತ್ತಾರೆ. ಒಂದೇ ಪಾಸ್‌ವರ್ಡ್, ಇಡೀ ತಂಡಕ್ಕೆ. ಆಗ ಎಯುಐಡಿ ಕೂಡ ರೂಟ್‌ನ ನಂಬರಾದ 0. ಅಂದರೆ ಆಡಿಟ್‌ಡಿ ಬಹಳ ಶ್ರದ್ಧೆಯಿಂದ "ರೂಟ್ ಮಾಡಿದ್ದು ರೂಟ್" ಅಂತ ಬರೆದಿಡುತ್ತದೆ. ಪಾಸ್‌ವರ್ಡ್ ಬದಲು ತಲಾ ಒಂದು ಎಸ್‌ಎಸ್‌ಎಚ್ ಕೀ ಕೊಟ್ಟಿದ್ದರೆ, ಯಾರ ಕೀ ಬಳಕೆಯಾಯಿತು ಅಂತ ಗುರುತಿಸುವ ಫಿಂಗರ್‌ಪ್ರಿಂಟ್ ಲಾಗಿನ್ ಲಾಗ್‌ನಲ್ಲಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ಆಡಿಟ್ ದಾಖಲೆಯ ಸೆಷನ್ ನಂಬರ್ ಜೊತೆ ಜೋಡಿಸುತ್ತಾ ಕೂರಬೇಕು. ಮೊದಲೇ ತಲೆ ಕೆಟ್ಟಿರುವ ಹೊತ್ತಿನಲ್ಲಿ ಯಾರಿಗೆ ಬೇಕು?

ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಇತ್ತು. ಒಂದು ರಾತ್ರಿ ಡೇಟಾಬೇಸ್ ಸೆಟ್ಟಿಂಗ್ ಫೈಲ್ ಬದಲಾಗಿತ್ತು, ಬೆಳಿಗ್ಗೆ ಸರ್ವಿಸ್ ಏಳಲಿಲ್ಲ. ಯಾರು ಮುಟ್ಟಿದ್ದು ಅಂತ ಹೇಳಲು ಒಂದು ದಾಖಲೆಯೂ ಇರಲಿಲ್ಲ. ದಾಖಲೆ ಇಲ್ಲದ ಕಡೆ ತಪ್ಪು ಯಾರ ಮೇಲೆ ಹೋಗುತ್ತದೆ ಹೇಳಿ? ಹೊಸದಾಗಿ ಸೇರಿದ ಹುಡುಗನ ಮೇಲೆ. ಅವನು ಮಾಡಿಲ್ಲ ಅಂತ ತೋರಿಸಲು ಅವನ ಬಳಿಯೂ ಏನೂ ಇರಲಿಲ್ಲ. ಆಡಿಟ್ ಅಂದ ಕೂಡಲೇ "ನಮ್ಮ ಮೇಲೆ ನಂಬಿಕೆ ಇಲ್ವಾ?" ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಲಾಗ್ ಹಿಡಿದುಕೊಡುವುದಕ್ಕಿಂತ ಜಾಸ್ತಿ ಸಲ ಬಿಡಿಸುತ್ತದೆ.

ಇನ್ನು ಲಾಗ್ ಎಲ್ಲಿಡುವುದು? ಅದೇ ಸರ್ವರ್‌ನಲ್ಲಿ ಇಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆಡಿಟ್ ರೂಲ್‌ಗಳನ್ನು ರೀಬೂಟ್ ಆಗುವವರೆಗೂ ಯಾರೂ ಬದಲಿಸದ ಹಾಗೆ ಲಾಕ್ ಮಾಡಬಹುದು, ಸರಿ. ಆದರೆ ಲಾಗ್ ಫೈಲನ್ನೇ ರೂಟ್ ಅಳಿಸಬಹುದಲ್ವಾ? ಬರೆದ ತಕ್ಷಣ ಅದು ಬೇರೆ ಯಂತ್ರಕ್ಕೆ ಹೋಗಬೇಕು, ಆ ಯಂತ್ರದ ರೂಟ್ ಬೇರೆಯವರ ಕೈಯಲ್ಲಿ ಇರಬೇಕು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕ್ಲಿಫರ್ಡ್ ಸ್ಟಾಲ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂದಿತ್ತು. ಅದರ ಹಿಂದೆ ಬಿದ್ದಾಗ ಯಾರೋ ಒಳಗೆ ನುಗ್ಗಿರುವುದು ಗೊತ್ತಾಯಿತು. ಸ್ಟಾಲ್ ಒಳಬರುವ ಲೈನ್‌ಗಳಿಗೇ ಪ್ರಿಂಟರ್ ಜೋಡಿಸಿ, ಬಂದದ್ದನ್ನೆಲ್ಲ ಕಾಗದದ ಮೇಲೆ ಇಳಿಸಿಕೊಂಡರು. ನುಗ್ಗಿದವನಿಗೆ ಸಿಸ್ಟಮ್ ಮೇಲೆ ಎಷ್ಟೇ ಹಿಡಿತವಿದ್ದರೂ ಪಕ್ಕದ ಕಾಗದ ಅಳಿಸಲು ಆಗುತ್ತಿರಲಿಲ್ಲ. ಆ ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್‌ವರೆಗೂ ಹೋಯಿತು.

ಹಾಗಂತ ಎಲ್ಲವನ್ನೂ ಬರೆದಿಡಿ ಅನ್ನುತ್ತಿಲ್ಲ. ದಿನವಿಡೀ ಬಿಲ್ಡ್ (ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಕೆಲಸ) ಓಡುವ ಸರ್ವರ್‌ನಲ್ಲಿ ಪ್ರತಿ ಪ್ರೋಗ್ರಾಂ ಶುರುವಾದದ್ದನ್ನೂ ದಾಖಲಿಸಿದರೆ ಡಿಸ್ಕ್ ತುಂಬುತ್ತದೆ. ಡಿಸ್ಕ್ ತುಂಬಿದಾಗ ಯಂತ್ರವನ್ನೇ ನಿಲ್ಲಿಸುವ ಆಯ್ಕೆಯೂ ಆಡಿಟ್‌ಡಿಯಲ್ಲಿದೆ, ಓದದೆ ಆನ್ ಮಾಡಬೇಡಿ! ಕಮಾಂಡ್ ಸಾಲಿನಲ್ಲೇ ಪಾಸ್‌ವರ್ಡ್ ಕೊಡುವ ಅಭ್ಯಾಸ ಇದ್ದರೆ ಅದೂ ಲಾಗ್‌ಗೆ ಸೇರುತ್ತದೆ. ಒತ್ತಿದ ಪ್ರತಿ ಕೀಲಿಯನ್ನೂ ಹಿಡಿಯುವ ಮಾಡ್ಯೂಲ್ ಒಂದಿದೆ, ನನಗಂತೂ ಅದು ಅತಿ ಅನ್ನಿಸುತ್ತದೆ. ಪಾಸ್‌ವರ್ಡ್ ಮತ್ತು ಸುಡೊ ಫೈಲ್‌ಗಳಿಗೆ ಕಾವಲು, ಮನುಷ್ಯರು ರೂಟ್ ಆಗಿ ಓಡಿಸಿದ ಕಮಾಂಡ್‌ಗಳು, ಆಡಿಟ್ ಸೆಟ್ಟಿಂಗ್‌ಗೆ ಕೈ ಹಾಕಿದವರು. ಶುರುವಿಗೆ ಇಷ್ಟು ಸಾಕು. ಕಾರ್ಡ್ ಪಾವತಿಯ ಸುರಕ್ಷತೆಗಿರುವ ಪಿಸಿಐ ನಿಯಮ 12 ತಿಂಗಳ ಲಾಗ್ ಇಡಿ, 3 ತಿಂಗಳದ್ದು ತಕ್ಷಣ ಸಿಗುವಂತಿರಲಿ ಅನ್ನುತ್ತದೆ. ಇಡುವವರು ಬೇಕಾದಷ್ಟು ಜನ, ತೆಗೆದು ಓದುವವರು ಕಡಿಮೆ.

ರೂಟ್ ಪಾಸ್‌ವರ್ಡ್ ಇರಲೇಬಾರದು ಅಂತಲ್ಲ. ನೆಟ್‌ವರ್ಕ್ ಸತ್ತಾಗ ಯಂತ್ರದ್ದೇ ಆದ ಕನ್ಸೋಲ್‌ನಿಂದಲೇ ಹೋಗಬೇಕಾಗುತ್ತದೆ. ಅದನ್ನು ಬೀಗದೊಳಗೆ ಇಡಿ. ತೆಗೆದವರು ಹೆಸರು, ಹೊತ್ತು, ಕಾರಣ ಬರೆಯಲಿ. ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ. ಉಳಿದ ದಿನಗಳಲ್ಲಿ ಎಸ್‌ಎಸ್‌ಎಚ್‌ನಲ್ಲಿ ನೇರ ರೂಟ್ ಲಾಗಿನ್ ಬಂದ್ ಇರಲಿ. ಅದಕ್ಕೆ ಬದಲಿಸಬೇಕಾದದ್ದು ಒಂದೇ ಸಾಲು.